ಆಕಳಿಕೆ ಬಂದ ಭಾಷಣ

ಕಚೇರಿಯಲ್ಲಿ ಎಲ್ಲರೂ ಅವರನ್ನು ಕರಡು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ದೇಶದ ನಾಯಕರು ಆಡುವ ಮಾತೆಲ್ಲ ಇವರ ಪೆನ್ನಿನಿಂದ ಇಳಿದದ್ದೇ. ನಾಯಕರು ಬಾಯಿ ತೆರೆದರೆ ಮುತ್ತು ಉದುರುತ್ತದೆ ಎಂದು ಜನ ಹೊಗಳಿದಾಗ ಮೇಷ್ಟ್ರು ಮೀಸೆಯಡಿಯಲ್ಲಿ ನಗುತ್ತಿದ್ದರು.

ಆ ಕಚೇರಿಯಲ್ಲೊಂದು ಪದ್ಧತಿ. ದೊಡ್ಡ ತೀರ್ಮಾನ ಎದುರಾದಾಗ ಹೀಗೊಂದು, ಹಾಗೊಂದು, ಎರಡು ಭಾಷಣ ಸಿದ್ಧವಾಗಬೇಕು. ನಾಯಕರು ಡ್ರೈವರು, ಟೈಪಿಸ್ಟು, ಕಸ ಗುಡಿಸುವವರನ್ನೆಲ್ಲ ಉದ್ದನೆಯ ಕೋಣೆಯಲ್ಲಿ ಕೂರಿಸಿ ಎರಡನ್ನೂ ಓದುತ್ತಿದ್ದರು. ಯಾವುದಕ್ಕೆ ಚಪ್ಪಾಳೆ ಜೋರೋ ಅದೇ ತೀರ್ಮಾನ. ಜನರ ನಾಡಿಮಿಡಿತ ಅರಿಯುವುದೆಂದರೆ ಇದೇ ಎಂದು ಅವರು ಬೀಗುತ್ತಿದ್ದರು. ಆ ಮಿಡಿತವನ್ನೂ ಮೇಷ್ಟ್ರೇ ಬರೆದುಕೊಡುತ್ತಿದ್ದರೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಮೇಷ್ಟ್ರ ತಲೆಗೂ ಹೊಳೆಯಲಿಲ್ಲ, ಅದೇ ದುರಂತ.

ಗಡಿಯಲ್ಲಿ ತಂಟೆ ಶುರುವಾದಾಗಲೂ ಎರಡು ಕರಡು ಬೇಕಾದವು. ಯುದ್ಧಕ್ಕೊಂದು, ಮಾತುಕತೆಗೊಂದು. ಮೇಷ್ಟ್ರ ಅಕ್ಕನ ಒಬ್ಬನೇ ಮಗ ಆಗಲೇ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಅದು ಗೊತ್ತಿದ್ದೂ ಮೇಷ್ಟ್ರು ಯುದ್ಧದ ಭಾಷಣಕ್ಕೆ ಮೊದಲು ಕೈ ಹಾಕಿದರು, ಯಾಕೆಂದರೆ ಅದು ತಾನಾಗಿ ಓಡುತ್ತಿತ್ತು. ತಾಯಂದಿರು, ತೊಟ್ಟಿಲು, ಅಜ್ಜಂದಿರ ಸಮಾಧಿ, ಏನು ತಂದಿಟ್ಟರೂ ಒಗ್ಗುತ್ತಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಚಪ್ಪಾಳೆಗೆಂದು ನಿಲ್ಲಬೇಕು ಎಂದು ಕೆಂಪು ಪೆನ್ಸಿಲಿನಲ್ಲಿ ಗೆರೆ ಹಾಕಿದರು. ಆ ಕಡೆಯೂ ಲಾರಿ ಓಡಿಸುವ ಹುಡುಗರಿದ್ದಾರೆ ಎಂಬ ಸಾಲೊಂದು ನಡುವೆ ಬಂದಿತ್ತು. ಓಟಕ್ಕೆ ಅಡ್ಡಿಯೆಂದು ಹೊಡೆದುಹಾಕಿದರು. ಮನೆಗೂ ಹೋಗದೆ ಬರೆಯುತ್ತಿದ್ದ ತಮ್ಮನಿಗೆ ಅಕ್ಕ ದಿನವೂ ಊಟದ ಡಬ್ಬಿ ಕಳಿಸುತ್ತಿದ್ದಳು. ಮಾತುಕತೆಯ ಭಾಷಣವನ್ನು ಮೇಷ್ಟ್ರು ಕೊನೆಯ ದಿನ, ಡಬ್ಬಿ ಬರುವಷ್ಟರಲ್ಲಿ, ಗೀಚಿ ಮುಗಿಸಿದರು.

ಓದಿದ ದಿನ ಯುದ್ಧದ ಭಾಷಣಕ್ಕೆ ಬಿದ್ದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಇನ್ನೊಂದಕ್ಕೆ ಡ್ರೈವರೊಬ್ಬ ಆಕಳಿಸಿದ. ನಾಲ್ಕನೆಯ ದಿನ ದೇಶವೆಲ್ಲ ಆ ಯುದ್ಧದ ಭಾಷಣ ಕೇಳಿ ಎದ್ದು ನಿಂತಿತು. ಏಳನೆಯ ವಾರ ಅಕ್ಕನ ಮಗ ಸೇತುವೆಯ ಮೇಲೆ ಲಾರಿಯೊಂದಿಗೆ ಸುಟ್ಟುಹೋದ.

ಮೇಷ್ಟ್ರು ಕೆಲಸ ಬಿಟ್ಟರು. ಎಂಥ ಕೆಲಸ ಮಾಡಿಬಿಟ್ಟೆ ಎಂದು ಒಳಗೊಳಗೇ ಬೇಯುತ್ತ, ಯಾರಿಗೂ ಬೇಡವಾದ ಆ ಮಾತುಕತೆಯ ಭಾಷಣವನ್ನು ಮನೆಯಲ್ಲಿ ಕೂತು ತಿದ್ದತೊಡಗಿದರು. ಹೊಡೆದುಹಾಕಿದ್ದ ಸಾಲು ಅದರಲ್ಲಿ ಮೊದಲ ಸಾಲಾಯಿತು.

ಒಂದು ಮಧ್ಯಾಹ್ನ ಅಕ್ಕ ಬಂದಳು. ಅವಳ ಬೀದಿಯಲ್ಲೇ ಇದ್ದ ಕಚೇರಿಯ ಟೈಪಿಸ್ಟು ಭಾಷಣ ಓದಿದ ದಿನದ ಕಥೆಯನ್ನೆಲ್ಲ ಹೇಳಿದ್ದಳಂತೆ.

"ಇನ್ನೊಂದು ಭಾಷಣ ಇತ್ತಂತೆ. ಓದಪ್ಪ, ನಾನೂ ಕೇಳ್ತೀನಿ."

ಮೇಷ್ಟ್ರು ಮೇಜಿನ ಮೇಲಿದ್ದುದನ್ನೇ ಓದಿದರು. ಎರಡನೆಯ ಪುಟಕ್ಕೆ ಅಕ್ಕ ಸೆರಗು ಕಚ್ಚಿಕೊಂಡು ಅಳತೊಡಗಿದಳು. ಮುಗಿದ ಮೇಲೆ ಅವಳಿಗೆ ಬಂದದ್ದು ಸಿಟ್ಟು. ಇಷ್ಟು ಚೆನ್ನಾಗಿರುವುದನ್ನು ಕೇಳಿಯೂ ಕೈ ತಟ್ಟದವರು ಕಲ್ಲುಗಳು, ಆ ಟೈಪಿಸ್ಟಳ ಮುಖ ಇನ್ನು ನೋಡುವುದಿಲ್ಲ, ನೀನು ನಿನ್ನ ಕೈಲಾದದ್ದು ಮಾಡಿದ್ದೆ ಎಂದು ತಮ್ಮನ ಬೆನ್ನು ಸವರಿದಳು.

ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬೆನ್ನ ಮೇಲಿದ್ದ ಆ ಕೈಯನ್ನು ಮೇಷ್ಟ್ರಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದು ಬೀರುವಿನಿಂದ ಹಳೆಯ ಹಾಳೆಗಳನ್ನು ತೆಗೆದರು.

"ಈಗ ಓದಿದ್ದು ಆಮೇಲೆ ಬರೆದಿದ್ದು, ಅಕ್ಕಾ. ಅವತ್ತು ಇದ್ದಿದ್ದು ಇದು."

ಒಂದೂವರೆ ಪುಟ. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಒಪ್ಪಂದದ ಕಲಮುಗಳು, ಸಮಿತಿಯ ಹೆಸರು, ತಾರೀಖು. ಕೆಂಪು ಪೆನ್ಸಿಲಿನ ಗೆರೆ ಎಲ್ಲೂ ಇರಲಿಲ್ಲ.

"ಇದನ್ನ ಎಷ್ಟು ಹೊತ್ತು ಬರೆದೆ?"

"ಅರ್ಧ ಗಂಟೆ."

"ಆ ಯುದ್ಧದ್ದನ್ನ?"

"ಒಂಬತ್ತು ದಿನ."

ಅಕ್ಕ ಹಾಳೆಗಳನ್ನು ಮಡಿಚಿ ಮೇಜಿನ ಮೇಲಿಟ್ಟಳು. ಆಮೇಲೆ ಕನ್ನಡಕ ತೆಗೆದಳು.

"ಒಂಬತ್ತು ದಿನಾನೂ ಡಬ್ಬಿ ಕಳಿಸಿದ್ದು ನಾನೇ ಕಣೋ," ಎಂದಳು.