ಮುದ್ದಯ್ಯನ ಎರಡನೇ ಸುತ್ತು

ಆ ಭಾನುವಾರ ಬೆಳಿಗ್ಗೆ ಮುದ್ದಯ್ಯನ ಕಾರಿನಿಂದ ಬಾಬು ಜಾನ್ ಒಂದು ಕುಕ್ಕೆ ಬೆಲ್ಲದ ಅಚ್ಚು, ಎರಡು ಕುಡುಗೋಲು, ನೀರಿನ ತಂಬಿಗೆ, ಯಾರೋ ಮರೆತುಹೋಗಿದ್ದ ಕೂಸಿನ ಕುಲಾವಿ ಎಲ್ಲ ಕೆಳಗಿಳಿಸಿದ. ಸೀಟಿನ ಅಡಿಯಲ್ಲಿ ಒಂದು ಕೋಳಿಮೊಟ್ಟೆಯೂ ಸಿಕ್ಕಿತು. ಕೊನೆಗೆ ಮುಂದಿನ ಸೀಟಿನಲ್ಲಿ ಕೂತಿದ್ದ ಮುದ್ದಯ್ಯನ ಹೆಂಡತಿ ಸೋಮಮ್ಮನಿಗೂ ಇಳಿಯಲು ಹೇಳಿದ.

“ನಾನ್ಯಾಕಪ್ಪ ಇಳೀಬೇಕು? ಮೂಲೇಲಿ ಮುದುರ್ಕೊಂಡು ಕುಂತಿರ್ತೀನಿ ಬುಡು,” ಅಂದಳು ಸೋಮಮ್ಮ.

“ಓಡ್ಸೋರ ಪಕ್ದಲ್ಲಿ ಕಲಿಸೋನು ಒಬ್ನೇ ಇರ್ಬೇಕು ಸೋಮಕ್ಕ. ಕ್ಲಬ್ಬಿನೋರ ಕಾನೂನು ಅದು.”

“ನಿಮ್ ಕ್ಲಬ್ಬಿಗೇನು ಗೊತ್ತು. ನಾನಿಲ್ದೆ ಇವ್ರು ಕಾರು ಅತ್ತಿದ್ದೇ ಇಲ್ಲ.”

ಸುತ್ತ ನಿಂತವರು ನಕ್ಕರು. ಬಾಬು ಜಾನನೂ ನಕ್ಕ. ಕಿರುಗಾವಲಿನಿಂದ ಮಳವಳ್ಳಿ, ಮದ್ದೂರು, ಮಂಡ್ಯದವರೆಗೆ ಯಾರಿಗೆ ಕೇಳಿದರೂ ಹೇಳುತ್ತಿದ್ದರು, ಮುದ್ದಯ್ಯನ ಷೆವರ್ಲೆ ಹೋದಲ್ಲೆಲ್ಲ ಸೋಮಮ್ಮ ಇರುತ್ತಾಳೆ ಅಂತ. ಬಸುರಿಯನ್ನು ಆಸ್ಪತ್ರೆಗೆ ಒಯ್ಯಲಿ, ಸಕ್ಕರೆ ಫ್ಯಾಕ್ಟರಿಯ ಕೆಲಸಕ್ಕೆ ಹೋಗಲಿ, ಗಂಡನ ಎಡಗಡೆ ಸೆರಗು ಹೊದ್ದು ಕೂತು, ದಾರಿಯುದ್ದಕ್ಕೂ ಮಾತಾಡುತ್ತಲೇ ಇರುವ ಹೆಂಗಸು. ಮೋಟಾರಿನ ಸವಾರಿ ಅಂದರೆ ಆಯಮ್ಮನಿಗೆ ಪ್ರಾಣ ಎಂದು ಜನ ಅಂದುಕೊಂಡಿದ್ದರು.

ಸೋಮಮ್ಮ ಇಳಿದಳು. ಇಳಿಯುವಾಗ ಗಂಡನ ಮುಖ ನೋಡಿದಳು. ಅವನು ಬಣ್ಣದ ಕನ್ನಡಕ ಹಾಕಿಕೊಂಡು ನೆಟ್ಟಗೆ ಮುಂದಕ್ಕೇ ನೋಡುತ್ತಿದ್ದ. ಅವಳು ಹೊಂಗೆ ಮರದ ನೆರಳಿಗೆ ಹೋಗಿ ನಿಂತಳು, ಕೂರಲಿಲ್ಲ.

ಮದ್ದೂರಿನಾಚೆ ಇದ್ದ ಆ ಮೈದಾನದಲ್ಲಿ ಯುದ್ಧದ ಕಾಲಕ್ಕೆ ಮಿಲಿಟರಿಯವರು ಲಾರಿ ಓಡಿಸುವುದನ್ನು ಕಲಿಸುತ್ತಿದ್ದರು. ನೆಲ ಸಮ ಮಾಡಿ, ಗರಸು ಹಾಸಿ, ಮುಕ್ಕಾಲು ಮೈಲಿ ಸುತ್ತಿಬರುವ ಹಾಗೆ ರಸ್ತೆ ಮಾಡಿದ್ದರು. ಬಾಬು ಜಾನ್ ಅಲ್ಲಿ ನಾಲ್ಕು ವರ್ಷ ಮೆಕ್ಯಾನಿಕ್ಕಾಗಿದ್ದ, ಎಷ್ಟೋ ಸಿಪಾಯಿಗಳ ಪಕ್ಕ ಕೂತು ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದ್ದ. ಯುದ್ಧ ಮುಗಿದು ಮಿಲಿಟರಿ ಹೊರಟುಹೋದ ಮೇಲೆ ಮದ್ದೂರಿನ ಬಸ್ ನಿಲ್ದಾಣದ ಹತ್ತಿರ ಷೆಡ್ಡು ಹಾಕಿಕೊಂಡ. ಈಗ ೧೯೪೭ರ ಫೆಬ್ರವರಿಯಲ್ಲಿ ಬೆಂಗಳೂರಿನ ಕೆಲವರು ಮೋಟಾರು ಕ್ಲಬ್ಬು ಕಟ್ಟಿಕೊಂಡು ಬಂದು, ದಿನಾ ಓಡಿಸುವ ಕಾರನ್ನೇ ಯಾರು ಬೇಕಾದರೂ ತಂದು ಇಲ್ಲಿ ಜೋರಾಗಿ ಓಡಿಸುವುದನ್ನು ಕಲಿಯಬಹುದು ಎಂದು ಸಾರಿದ್ದರು. ಕಲಿಸಲು ಬಾಬು ಜಾನನನ್ನು ಕರೆದಿದ್ದರು.

ಮುದ್ದಯ್ಯ ಹೆಸರು ಕೊಟ್ಟಾಗ ಬಾಬು ಜಾನನಿಗೆ ಸ್ವಲ್ಪ ಆಶ್ಚರ್ಯವೇ ಆಗಿತ್ತು. ಐವತ್ತೈದರ ಗೌಡ, ಪೆಟ್ರೋಲಿನ ರೇಷನ್ ಕೂಪನ್ನು ಉಳಿಸಿಟ್ಟುಕೊಂಡು ಬಂದು ಮಕ್ಕಳ ಹಾಗೆ ಸುತ್ತು ಹೊಡೆಯುತ್ತಾನೆಯೇ ಅಂದುಕೊಂಡಿದ್ದ.

ಅವನು ಟೈರುಗಳ ಗಾಳಿ ನೋಡಿದ. ಚಕ್ರದ ನಟ್ಟುಗಳನ್ನು ಬಿಗಿ ಮಾಡಿದ. ಬ್ರೇಕನ್ನು ಎರಡು ಸಲ ತುಳಿದು ನೋಡಿದ. ಆಮೇಲೆ ಸೋಮಮ್ಮನ ಜಾಗದಲ್ಲಿ ಕೂತ.

“ನೋಡಿ ಗೌಡ್ರೆ, ಮೊದಲ್ನೇ ಸುತ್ತು ಕ್ಲಬ್ಬಿನೋರ ಕಾರು ಮುಂದೆ ಓಯ್ತದೆ. ಅದರ ಇಂದೆ ಮೆತ್ತಗೆ ಓಗಾನ. ಎರಡ್ನೇ ಸುತ್ತು ನಾವೇ. ತಿರುವು ಬರೋಕೆ ಮುಂಚೆ ಬಿಳೀ ಪೀಪಾಯಿ ಇಟ್ಟವ್ರೆ. ಪೀಪಾಯಿ ಕಂಡ ತಕ್ಷಣ ಬ್ರೇಕು. ತಿರುವಿನ ಒಳಗೆ ಓದ್ಮೇಲೆ ತುಳುದ್ರೆ ಗಾಡಿ ಜಾರ್ಬುಡ್ತದೆ. ಇನ್ನೊಂದು, ಕಾರಿನ ಮೂತಿ ನೋಡ್ಕೊಂಡು ಓಡುಸ್ಬ್ಯಾಡಿ. ದೂರಕ್ಕೆ ನೋಡಿ.”

“ದೂರಕ್ಕೆ,” ಅಂದ ಮುದ್ದಯ್ಯ. “ಆಗ್ಲಿ.”

ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಮುಂದೆ ಹೋಗುತ್ತಿದ್ದ ಕಪ್ಪು ಕಾರಿನ ಹಿಂದೆ ದಾರ ಕಟ್ಟಿದ ಹಾಗೆ ಮುದ್ದಯ್ಯ ಓಡಿಸಿದ. ಗೇರು ಹಾಕುವುದರಲ್ಲಿ, ಕ್ಲಚ್ಚು ಬಿಡುವುದರಲ್ಲಿ ಎಂಥ ಹದ! ಮಿಲಿಟರಿಯಲ್ಲೂ ಇಂಥ ಕಾಲು ನೋಡಿರಲಿಲ್ಲ ಎಂದುಕೊಂಡ ಬಾಬು ಜಾನ್. ಮುಂದಿನ ಕಾರು ಪಕ್ಕಕ್ಕೆ ಸರಿದು ನಿಂತಿತು. ಬಾವುಟ ಆಡಿಸಿದರು.

“ಈಗ ಬುಡಿ,” ಅಂದ.

ಮುದ್ದಯ್ಯ ಬಿಟ್ಟ. ನಲವತ್ತು, ನಲವತ್ತೈದು. ಷೆವರ್ಲೆ ಗುಂಯ್ಯೆಂದು ಹಾಡತೊಡಗಿತು. ನೇರ ದಾರಿ ಮುಗಿಯುತ್ತ ಬಂತು. ಸುಣ್ಣ ಬಳಿದ ಪೀಪಾಯಿಗಳು ಬಿಸಿಲಿಗೆ ಹೊಳೆಯುತ್ತ ಎದುರಿಗೆ ಬಂದವು.

“ಬ್ರೇಕು,” ಅಂದ ಬಾಬು ಜಾನ್.

ಮುದ್ದಯ್ಯನ ಕಾಲು ಆಕ್ಸಿಲರೇಟರ್ ಮೇಲೆಯೇ ಇತ್ತು.

“ಗೌಡ್ರೆ, ಬ್ರೇಕು, ಪೀಪಾಯಿ!”

ಮುದ್ದಯ್ಯ ಕೇಳಿಸಿಕೊಂಡ, ತುಳಿದ. ಆದರೆ ಸ್ಟಿಯರಿಂಗನ್ನು ಇತ್ತ ತಿರುಗಿಸಲಿಲ್ಲ, ಅತ್ತಲೂ ತಿರುಗಿಸಲಿಲ್ಲ. ಯಾರೋ ಹೇಳಲಿ ಎಂದು ಕಾಯುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬಾಬು ಜಾನ್ ಬಗ್ಗಿ ಕೈಬ್ರೇಕು ಎಳೆದು, ಇನ್ನೊಂದು ಕೈಯಲ್ಲಿ ಸ್ಟಿಯರಿಂಗನ್ನು ತನ್ನ ಕಡೆಗೆ ಜಗ್ಗಿದ. ಕಾರು ಅಡ್ಡಕ್ಕೆ ತಿರುಗಿತು, ಗರಸು ಚಿಮ್ಮಿತು, ಒಂದು ಪೀಪಾಯಿ ಬಿದ್ದು ಉರುಳಿತು. ಎಂಜಿನ್ನು ನಿಂತಿತು. ಕೆಂಪು ಧೂಳು ಕಿಟಕಿಗಳಿಂದ ಒಳಕ್ಕೆ ಬಂದು ಇಬ್ಬರ ಮೇಲೂ ಕೂತಿತು.

“ಯಾಕ್ ತಿರುಗಿಸ್ಲಿಲ್ಲ?” ಬಾಬು ಜಾನ್ ಕೇಳಿದ. “ಅಷ್ಟು ದೊಡ್ಡ ಪೀಪಾಯಿ ಕಾಣ್ಲಿಲ್ವಾ?”

“ಎಲ್ಲಿತ್ತು?”

ತಮಾಷೆ ಮಾಡುತ್ತಿದ್ದಾನೆ ಅನ್ನಿಸಿತು. ಎರಡನೆಯ ಪೀಪಾಯಿ ಕಾರಿನ ಮೂತಿಗೆ ಮೂರು ಮೊಳ ದೂರದಲ್ಲಿ ನಿಂತಿತ್ತು. ಮುದ್ದಯ್ಯ ಅದರ ಪಕ್ಕದ ಬಯಲಿನ ಕಡೆ ಮುಖ ಮಾಡಿದ್ದ. ಬಾಬು ಜಾನ್ ಮೆಲ್ಲಗೆ ಕೈ ಚಾಚಿ ಆ ಬಣ್ಣದ ಕನ್ನಡಕ ತೆಗೆದ. ಎರಡು ಕಣ್ಣಿನ ಪಾಪೆಯ ಮೇಲೂ ಹಾಲಿನ ಕೆನೆ ಕಟ್ಟಿದ ಹಾಗೆ ಪೊರೆ.

ಅವನು ಮೂರು ಬೆರಳು ಎತ್ತಿ ಹಿಡಿದ. “ಎಷ್ಟು?”

ಮುದ್ದಯ್ಯ ಕತ್ತು ಮುಂದಕ್ಕೆ ಚಾಚಿದ. ಆಮೇಲೆ ಹೇಳಿದ, “ಏನೋ ಆಡ್ದಂಗೆ ಕಾಣ್ತದೆ. ಕೈಯಾ ಅದು?”

ಬಾಬು ಜಾನನಿಗೆ ತನ್ನ ಮಕ್ಕಳ ನೆನಪಾಯಿತು. ಮೊನ್ನೆ ಶುಕ್ರವಾರ ಕಿರುಗಾವಲಿನ ತೌರಿನಿಂದ ಅವನ ಹೆಂಡತಿ ನೂರುನ್ನೀಸಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದದ್ದು ಇದೇ ಕಾರಿನಲ್ಲಿ. ತಿಂಗಳಿಗೆ ಎರಡು ಸಲ ಬರುವುದು ಹೀಗೇ. ಚಿಕ್ಕವಳು ಕಿಟಕಿಯಿಂದ ಕೈ ಆಚೆ ಹಾಕಿಕೊಂಡು ಬಂದಿದ್ದಳು.

“ಎಷ್ಟು ದಿವ್ಸದಿಂದ?”

“ಎರಡೊರ್ಸದ ಇಂದ್ಲ ದೀಪಾವಳಿಯಿಂದ ಪೂರಾ ಇಂಗೆ. ಅದಕ್ ಮುಂಚೆ ಒಸಿ ಒಸಿ.”

“ಮತ್ತೆ ಓಡಿಸ್ತಾ ಇದ್ದದ್ದು ಯಾರು?” ಕೇಳಿಬಿಟ್ಟ ಮೇಲೆ, ಎಂಥ ಪ್ರಶ್ನೆ ಕೇಳಿದೆ ಎಂದು ಅವನಿಗೇ ಅನ್ನಿಸಿತು. ಆದರೆ ಉತ್ತರ ಬಂತು.

“ಅವ್ಳು. ಸೆರಗಿನ ಅಡೀಲಿ ಕೈ ಇಟ್ಕೊಂಡು ನನ್ ತೊಡೆ ತಟ್ತಾಳೆ. ಒಂದು ತಟ್ಟುದ್ರೆ ಎಡಕ್ಕೆ. ಎರಡು ತಟ್ಟುದ್ರೆ ಬಲಕ್ಕೆ. ಅದುಮುದ್ರೆ ನಿಲ್ಸು. ಇವತ್ತು ಮೊದಲ್ನೇ ಸುತ್ತು ಮುಂದ್ಲ ಕಾರಿನ ಕರೀ ನೆಳ್ಳು, ಸದ್ದು ಇಡ್ಕೊಂಡು ಓದೆ. ನಾನು ಕೈಕಾಲು ಅಷ್ಟೆ ಸಾಬ್ರೆ.”

“ಅಂಗಿದ್ಮೇಲೆ ಇವತ್ತು ಆಯಮ್ಮನ್ನ ಯಾಕ್ ಇಳ್ಯಾಕೆ ಬುಟ್ರಿ? ಇಲ್ಲಿಗ್ಯಾಕ್ ಬಂದ್ರಿ?”

ಮುದ್ದಯ್ಯ ಸ್ಟಿಯರಿಂಗಿನ ಮೇಲೆ ಹೆಬ್ಬೆರಳು ಆಡಿಸುತ್ತ ಕೂತ. “ಇಲ್ಲಿ ಗಾಡಿ ಇಲ್ಲ, ದನ ಇಲ್ಲ, ಮಕ್ಳು ಮರಿ ಅಡ್ಡ ಬರಾಕಿಲ್ಲ, ಬರೀ ಬಯ್ಲು ಅಂದ್ರು. ಎರಡು ವರ್ಸದಿಂದ ಬೆವರ್ಕೊಂಡೇ ಓಡುಸ್ದೆ. ಒಂದೇ ಒಂದ್ಸಲ, ಎದ್ರಿಕೆ ಇಲ್ದೆ, ಜೋರಾಗಿ ಬುಡಬೇಕು ಅನ್ನುಸ್ತು.”

ಬಾಬು ಜಾನ್ ಇಗ್ನಿಷನ್ನಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಕ್ಲಬ್ಬಿನ ಒಬ್ಬರು ಓಡಿಬಂದು ಏನಾಯಿತು ಎಂದು ಕೇಳಿದರು. “ಬ್ರೇಕು ಸರಿಯಾಗಿ ಇಡೀಲಿಲ್ಲ ಸ್ವಾಮಿ,” ಎಂದು ಬಾಬು ಜಾನ್ ಹೇಳಿದ. ಅರ್ಧ ಗಂಟೆಯ ಹಿಂದೆ ಆ ಬ್ರೇಕನ್ನು ತುಳಿದು ನೋಡಿದವನು ತಾನೇ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ಅವನಿಗೆ ಗಾಬರಿಯಾಯಿತು.

ಅಷ್ಟರಲ್ಲಿ ಮೈದಾನದ ಅಡ್ಡಕ್ಕೆ ಸೋಮಮ್ಮ ಬರಿಗಾಲಲ್ಲಿ ಓಡಿಬಂದಿದ್ದಳು. ಗಂಡನ ತೋಳು, ಎದೆ, ತಲೆ ಮುಟ್ಟಿ ನೋಡಿದಳು. ಆಮೇಲೆ ಬಾಬು ಜಾನನ ಕೈಯಲ್ಲಿದ್ದ ಕನ್ನಡಕ ನೋಡಿದಳು.

“ನಾನು ಇಳಿಯಾಕಿಲ್ಲ ಅಂದ್ರೆ ನೀನು ಕೇಳ್ದಾ?” ಅಂದಳು ಬಾಬು ಜಾನನಿಗೆ.

ವಾಪಸು ಬಾಬು ಜಾನನೇ ಕಾರು ಓಡಿಸಿದ. ಮುದ್ದಯ್ಯ ಪಕ್ಕದಲ್ಲಿ, ಸೋಮಮ್ಮ ಹಿಂದೆ. ಮಳವಳ್ಳಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಸಾಲಾಗಿ ಬರುತ್ತಿದ್ದವು. ಒಂದೊಂದು ಗಾಡಿ ದಾಟಿದಾಗಲೂ ಇದನ್ನು ಇವರು ಹೇಗೆ ದಾಟಿದರು ಎಂದು ಅವನ ಬೆನ್ನು ಬೆವರುತ್ತಿತ್ತು. ದೊಡ್ಡಿ ಎಂಬ ಊರು ದಾಟಿ ಬರುವಾಗ ಹಿಂದಿನಿಂದ ಸೋಮಮ್ಮ ತನಗೆ ತಾನೇ ಅನ್ನುವ ಹಾಗೆ, “ಬೇಲಿ ಮರೇಲಿ ಹಸ ಅದೆ,” ಅಂದಳು. ಅವನಿಗೆ ಬೇಲಿ ಮಾತ್ರ ಕಂಡಿತ್ತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಸು ಹೊರಕ್ಕೆ ಬಂತು, ರಸ್ತೆ ದಾಟಿತು.

ಕಿರುಗಾವಲಿನಲ್ಲಿ ಅವರನ್ನು ಇಳಿಸಿ, ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಕೀ ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡು ಬಾಬು ಜಾನ್ ಬಸ್ಸಿನಲ್ಲಿ ಮದ್ದೂರಿಗೆ ಬಂದ. ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಕಿರಿಚಿಕೊಳ್ಳುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದ. ನೂರುನ್ನೀಸಾ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನಂಗೆ ಗೊತ್ತಿತ್ತು,” ಅಂದಳು.

“ಏನು ಗೊತ್ತಿತ್ತು?”

“ಅವರಿಗೆ ಕಣ್ಣು ಕಾಣಲ್ಲ ಅಂತ. ಆ ಊರಿನ ಹೆಂಗಸರಿಗೆಲ್ಲ ಗೊತ್ತು. ಹಿಂದೆ ಕೂತರೆ ಸೆರಗು ಅಲ್ಲಾಡೋದು ಕಾಣಲ್ವಾ?”

“ಗೊತ್ತಿದ್ದೂ ಮಕ್ಕಳನ್ನ ಕೂರಿಸ್ಕೊಂಡು ಬಂದ್ಯಾ?”

ಅವಳು ಮೊರ ಕೆಳಗಿಟ್ಟಳು. “ಸೋಮಕ್ಕ ಇದ್ದಾರಲ್ಲ ಅಂತ ಕೂತ್ವಿ. ಆ ಕಾರು ನಿಂತರೆ ಹೆರಿಗೆಗೆ ಮಂಡ್ಯಕ್ಕೆ ಯಾರು ಕರ್ಕೊಂಡು ಹೋಗ್ತಾರೆ? ನಿಮಗೆ ಹೇಳಿದ್ರೆ ಅವತ್ತೇ ನಿಲ್ಲಿಸಿಬಿಡ್ತಿದ್ರಿ.”

ಹತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಬಾಬು ಜಾನ್ ಹೊಸಬಳನ್ನು ನೋಡುವ ಹಾಗೆ ನೋಡಿದ.

ಮಂಗಳವಾರ ಅವನೇ ಮುದ್ದಯ್ಯನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಎರಡು ಕಣ್ಣಿಗೂ ದೀಪ ಹಾಕಿ ನೋಡಿ, ಎಡಗಣ್ಣು ಕೈಮೀರಿ ಹೋಗಿದೆ, ಬಲಗಣ್ಣಿನ ಪೊರೆ ತೆಗೆಯಬಹುದು ಅಂದರು. ತೆಗೆದರು. ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಕೊಟ್ಟು ಕಳಿಸುವ ಹೊತ್ತಿಗೆ ಯುಗಾದಿ ಹತ್ತಿರ ಬಂದಿತ್ತು.

ಮನೆಗೆ ಬಂದ ಮಧ್ಯಾಹ್ನ ಮುದ್ದಯ್ಯ ಮೊದಲು ಸೊಸೆ ಮಾಯಮ್ಮನ ಕೂಸನ್ನು ಎತ್ತಿ ನೋಡಿದ. ಆಮೇಲೆ ಕಾರಿನ ಹತ್ತಿರ ಹೋದ. ಕೀ ಕೊಡಲೋ ಬೇಡವೋ ಎಂದು ಬಾಬು ಜಾನ್ ಜೇಬಿನಲ್ಲೇ ಕೈ ಇಟ್ಟುಕೊಂಡು ನಿಂತಿದ್ದ. ಮುದ್ದಯ್ಯ ಎಡಗಡೆಯ ಮಡ್‌ಗಾರ್ಡನ್ನು ಬಗ್ಗಿ ನೋಡಿ, ಅಂಗೈಯಿಂದ ಸವರಿದ.

“ಇದ್ಯಾವಾಗ ತಗ್ಗಾಯ್ತು?”

“ಮಳವಳ್ಳಿ ಹತ್ರ ಮೈಲಿಗಲ್ಲು,” ಅಂದಳು ಸೋಮಮ್ಮ.

“ಇದು?”

“ನಾಲೆ ಸೇತುವೆ ಗೋಡೆ.”

ಅವನು ಒಂದೊಂದನ್ನೇ ಮುಟ್ಟುತ್ತ ಮುಂದಕ್ಕೆ ಬಂದ. ದೀಪದ ಕೆಳಗೆ ತಗಡು ಒಳಕ್ಕೆ ಬಾಗಿತ್ತು. “ಇದು?”

ಸೋಮಮ್ಮ ಸೆರಗಿನ ತುದಿಯಿಂದ ಆ ಜಾಗದ ಧೂಳು ಒರೆಸಿದಳು. ಅವನು ದಪ್ಪ ಗಾಜಿನ ಒಳಗಿಂದ ಅವಳನ್ನೇ ನೋಡಿದ. ಎರಡು ವರ್ಷದ ಮೇಲೆ ಅವಳ ಮುಖ ಅವನಿಗೆ ಕಾಣುತ್ತಿತ್ತು.

“ಕೆಳಗ್ಲ ಬೀದಿ ಚಿಕ್ಕಬೋರಮ್ಮನ ಹಸಿನ ಕರ,” ಅಂದಳು.

“ಗುಂಡಿ ಅಂದಿದ್ದೆ ನೀನು ಅವತ್ತು.”

“ಊಂ.”

“ಸತ್ತೋಯ್ತಾ?”

“ಊಂ.”

“ಅವ್ಳು ಬಂದು ಏನೂ ಕೇಳ್ಲಿಲ್ವಾ?”

“ಅವ್ಳ ಸೊಸೆನ ಎರಡ್ಸಲ ಇದ್ರಲ್ಲೇ ಅಲ್ವಾ ಆಸ್ಪತ್ರೆಗೆ ಒಯ್ದಿದ್ದು. ಏನಂತ ಕೇಳಾಳು?”

ಮುದ್ದಯ್ಯ ಕಾರಿನ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟ. ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಬಾಬು ಜಾನ್ ಹತ್ತಿರ ಬಂದು ಕೀ ತೆಗೆದು ಚಾಚಿದಾಗ ತಲೆ ಅಲ್ಲಾಡಿಸಿದ.

“ನೀವೇ ಓಡುಸ್ಕೊಳ್ಳಿ ಸಾಬ್ರೆ. ಎರಿಗೆಗೆ ಕೂಗುದ್ರೆ ಮಾತ್ರ ತಪ್ಪುಸ್ಬ್ಯಾಡಿ.” ಆಮೇಲೆ ಎದ್ದು ಪಂಚೆ ಕೊಡವಿಕೊಂಡ. “ಚಿಕ್ಕಬೋರಮ್ಮನ ಮನೆ ತಾವ ಓಗ್ಬರ್ತೀನಿ.”

“ಕಾರಲ್ಲಿ ಬುಟ್ಬರ್ಲಾ?”

“ಬ್ಯಾಡ,” ಅಂದ ಮುದ್ದಯ್ಯ. ಸೋಮಮ್ಮ ಹೆಗಲು ಕೊಡಲು ಬಂದಳು. ಅದನ್ನೂ ಬೇಡವೆಂದು, ಬೀದಿಯ ನಡುವೆ ಒಂದೊಂದೇ ಹೆಜ್ಜೆ ನೋಡಿ ಇಡುತ್ತ ಹೊರಟ.