ಮೂರನೆಯ ಸಾಕ್ಷಿಯ ಅಚ್ಚುಕಟ್ಟು

ಇಸ್ತ್ರಿಯಣ್ಣ ನಡೆದು ಬರುತ್ತಿದ್ದರೆ, ಯಾರೋ ಒಂದು ಅಳತೆಪಟ್ಟಿಗೆ ಜೀವ ತುಂಬಿ ಬೀದಿಗೆ ಬಿಟ್ಟಿದ್ದಾರೆ ಎನ್ನಿಸುತ್ತಿತ್ತು. ಹೆಜ್ಜೆ ಹೆಜ್ಜೆಗೂ ಒಂದೇ ಅಂತರ, ಕೈ ಬೀಸುವುದರಲ್ಲಿ ಒಂದೇ ಲಯ. ದಾರಿಯಲ್ಲಿ ಹೊಂಡ ಎದುರಾದರೆ ಅವರು ಸುತ್ತು ಹಾಕುತ್ತಿರಲಿಲ್ಲ, ಹೊಂಡವೇ ನಾಚಿ ಪಕ್ಕಕ್ಕೆ ಸರಿಯುತ್ತಿತ್ತೆಂದು ಕಾರ್ಖಾನೆಯ ಕಾವಲುಗಾರ ಆಣೆ ಮಾಡಿ ಹೇಳುತ್ತಿದ್ದ. ಅವರ ಬೂದುಬಣ್ಣದ ಕೋಟಿನ ತೋಳಿನ ಗೆರೆಯಲ್ಲಿ ಸೌತೆಕಾಯಿ ಹೆಚ್ಚಬಹುದಿತ್ತು. ಅವರ ಮೇಜಿನ ಮೇಲೆ ನೊಣಗಳು ಕೂರುವುದಿದ್ದರೂ ಸಾಲಾಗಿ ಕೂರುತ್ತಿದ್ದವು. ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಲೋಕ ಇಟ್ಟ ಹೆಸರು ಅವರ ಮೈಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು.

ನೀರೆತ್ತುವ ಪಂಪುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವರು ಇಪ್ಪತ್ತಾರು ವರ್ಷ ಅರ್ಜಿ ವಿಭಾಗದ ಗುಮಾಸ್ತರು. ನೌಕರಿಗೋ ಬಡ್ತಿಗೋ ಬಂದ ಪ್ರತಿಯೊಂದು ಕಾಗದವೂ ಅವರ ಕೈ ಹಾದೇ ಮ್ಯಾನೇಜರರ ಕೋಣೆ ಸೇರಬೇಕು. ಒಮ್ಮೆ ಅವರ ಕಣ್ಣಿಗೆ ಬಿದ್ದ ಅರ್ಜಿ ಜನ್ಮದಲ್ಲಿ ಮರೆತುಹೋದದ್ದಿಲ್ಲ. ವಿಧಿಗೇ ಯಾರದಾದರೂ ಹಣೆಬರಹ ಮರೆತುಹೋದರೆ ನಕಲು ಪ್ರತಿಗೆ ಇಸ್ತ್ರಿಯಣ್ಣನ ಬಳಿಗೇ ಬರಬೇಕು ಎಂಬುದು ಅಲ್ಲಿಯವರ ನಂಬಿಕೆ.

ಆ ಊರನ್ನು ರೈಲು ಹಳಿ ಎರಡಾಗಿ ಸೀಳಿತ್ತು. ಹಳಿಯಾಚೆಯ ವಿಳಾಸವಿದ್ದ ಅರ್ಜಿ ಬಂದರೆ ಇಸ್ತ್ರಿಯಣ್ಣ ಅದರ ಕೆಳಗಿನ ಬಲಮೂಲೆಯನ್ನು ಮಡಿಸಿ, ಉಗುರಿನಿಂದ ಒಮ್ಮೆ ತೀಡಿ, ಆಮೇಲೆ ಕಟ್ಟಿಗೆ ಸೇರಿಸುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ದಿನ ಅಂದಿನ ಮ್ಯಾನೇಜರು, ಆ ಕಡೆಯವರ ಟಪಾಲು ಬೇರೆ ಹೋಗುತ್ತದೆ, ಗುರುತಿಗಿರಲಿ ಎಂದು ಮಡಿಸಿ ತೋರಿಸಿದ್ದರು. ಆ ಮ್ಯಾನೇಜರು ಹೋಗಿ ಇನ್ನೂ ಮೂವರು ಬಂದರು; ಹೇಳಿದವರು ಹೋದರೂ ಹೇಳಿದ ಮಾತು ಕುರ್ಚಿ ಬಿಟ್ಟು ಏಳಲಿಲ್ಲ. ಇಸ್ತ್ರಿಯಣ್ಣನ ಮಡಿಕೆಯ ತ್ರಿಕೋನಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಕೂದಲೆಳೆಯೂ ಆಚೀಚೆ ಇಣುಕುತ್ತಿರಲಿಲ್ಲ.

ಹಳಿಯಾಚೆಯವನಾದ ಒಬ್ಬ ಟರ್ನರ್ ಅವರ ಗೆಳೆಯ. ಲೇತ್ ಯಂತ್ರದ ಮುಂದೆ ನಿಂತನೆಂದರೆ ಕಬ್ಬಿಣ ಬಾಳೆಹಣ್ಣಿನಂತೆ ಸುಲಿದುಕೊಳ್ಳುತ್ತಿತ್ತು. ದಿನಾ ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಚಹಾ ಕುಡಿಯುವರು. ಟರ್ನರ್ ಏಳು ಸಲ ಫೋರ್‌ಮನ್ ಹುದ್ದೆಗೆ ಅರ್ಜಿ ಹಾಕಿದ; ಏಳು ಸಲವೂ ಒಕ್ಕಣೆ ಹೇಳಿಕೊಟ್ಟವರು, ಪೆನ್ನು ಕೊಟ್ಟವರು, ಈ ಸಲ ಆಗೇ ಆಗುತ್ತದೆ ಬಿಡು ಎಂದು ಬೆನ್ನು ತಟ್ಟಿದವರು ಇಸ್ತ್ರಿಯಣ್ಣ. ಅವನು ಅತ್ತ ಹೋದ ಮೇಲೆ, ಏಳು ಸಲವೂ, ಮೂಲೆ ಮಡಿಸಿದವರೂ ಅವರೇ.

ಏಳನೆಯ ಸಲ ಆ ಹುದ್ದೆ, ಟರ್ನರನಿಂದಲೇ ಅಳತೆಯ ಕ್ಯಾಲಿಪರ್ ಹಿಡಿಯಲು ಕಲಿತ ಒಬ್ಬನಿಗೆ ಹೋಯಿತು. ಟರ್ನರ್ ಚಹಾ ಮುಗಿಸಿ, ಮರುವಾರ ನ್ಯಾಯಾಲಯದ ಮೆಟ್ಟಿಲು ಹತ್ತಿದ: ಹಳಿಯಾಚೆಯವರೆಂಬ ಒಂದೇ ಕಾರಣಕ್ಕೆ ನಮಗೆ ಬಡ್ತಿಯಿಲ್ಲ ಎಂದು. ಕಂಪನಿ ತನ್ನ ಅರ್ಜಿ ವಿಭಾಗ ಎಷ್ಟು ಕ್ರಮಬದ್ಧವೆಂದು ತೋರಿಸಲು ಇಸ್ತ್ರಿಯಣ್ಣನನ್ನು ಮೂರನೆಯ ಸಾಕ್ಷಿಯಾಗಿ ಕಳಿಸಿತು. ಅವರೂ ಹೆಮ್ಮೆಯಿಂದಲೇ ಹೋದರು; ಕಟಕಟೆಯ ಕಂಬಿಯ ಧೂಳನ್ನು ಕರವಸ್ತ್ರದಿಂದ ಒರೆಸಿದ ಮೇಲೆಯೇ ಅದರ ಮೇಲೆ ಕೈಯಿಟ್ಟರು.

ಟರ್ನರನ ಪರ ನಿಂತ ವಕೀಲೆ ದನಿ ಏರಿಸದ ಹೆಂಗಸು. ಏಳೂ ಅರ್ಜಿಗಳನ್ನು ಮೇಜಿನ ಮೇಲೆ ಹರಡಿ, ಮೂಲೆ ಮಡಿಸಿದವರು ಯಾರೆಂದು ಕೇಳಿದರು. ಬಹುಮಾನ ಸ್ವೀಕರಿಸುವವರಂತೆ ಇಸ್ತ್ರಿಯಣ್ಣ, ನಾನೇ ಎಂದರು. ಟಪಾಲಿನ ವಿಷಯವನ್ನೂ ವಿವರಿಸಿದರು.

"ಇದು ಬಡ್ತಿ ಅರ್ಜಿ. ಬರೆದವರು ನಿಮ್ಮ ಕಾರ್ಖಾನೆ ಒಳಗೇ ಇದ್ರು, ಉತ್ತರಾನೂ ಕೈಗೇ ಕೊಟ್ರಿ," ಎಂದರು ವಕೀಲೆ. "ಇದರಲ್ಲಿ ಟಪಾಲು ಎಲ್ಲಿಂದ ಬಂತು?"

ಇಪ್ಪತ್ತಾರು ವರ್ಷಗಳಲ್ಲಿ ಈ ಪ್ರಶ್ನೆ ಇಸ್ತ್ರಿಯಣ್ಣನ ತಲೆಯ ಹೊಸ್ತಿಲನ್ನೂ ತುಳಿದಿರಲಿಲ್ಲ.

"ನಿಮಗೆ ಎಲ್ಲಾ ಅರ್ಜಿನೂ ನೆನಪಿರುತ್ತಂತೆ. ಮಡಿಸಿದ್ದರಲ್ಲಿ ಬಡ್ತಿ ಸಿಕ್ಕಿದ್ದು ಒಂದು ಹೇಳಿ. ಒಂದೇ ಒಂದು ಸಾಕು."

ಅವರು ಕಣ್ಣು ಮುಚ್ಚಿ ಹುಡುಕತೊಡಗಿದರು. ತಲೆಯೊಳಗಿನ ಬೀರುಗಳ ಬಾಗಿಲು ಒಂದೊಂದಾಗಿ ತೆರೆದುಕೊಂಡವು. ವರ್ಷದ ಹಿಂದೆ ವರ್ಷ, ಕಟ್ಟಿನ ಹಿಂದೆ ಕಟ್ಟು. ಮುತ್ತಿನಂಥ ಅಕ್ಷರದ ಫಿಟ್ಟರ್ ಬಂದ, ಅವನಿಗೆ ಸಿಗಲಿಲ್ಲ. ಗಂಡ ಸತ್ತ ಮೇಲೆ ಅವನ ಯಂತ್ರವನ್ನೇ ನಡೆಸಲು ಕಲಿತು ಬೆಸುಗೆ ವಿಭಾಗದ ಮುಖ್ಯಸ್ಥೆಯಾಗಬಯಸಿದ ಹೆಂಗಸು ಬಂದಳು, ಅವಳಿಗೂ ಇಲ್ಲ. ಅಪ್ಪ ಬಂದ, ಹನ್ನೆರಡು ವರ್ಷದ ನಂತರ ಅದೇ ಹುದ್ದೆಗೆ ಅವನ ಮಗ ಬಂದ, ಇಬ್ಬರಿಗೂ ಇಲ್ಲ. ಕಂಪನಿಯ ವಕೀಲರು, ನೆನಪಿಲ್ಲ ಎಂದುಬಿಡಿ ಎಂಬರ್ಥದಲ್ಲಿ ಕ್ಷಯರೋಗಿಗೂ ಹೊಟ್ಟೆಕಿಚ್ಚಾಗುವಷ್ಟು ಕೆಮ್ಮಿದರು. ಆದರೆ ನೆನಪಿರುವುದನ್ನು ಇಲ್ಲವೆನ್ನುವುದು ಇಸ್ತ್ರಿಯಣ್ಣನ ಜಾಯಮಾನದಲ್ಲಿರಲಿಲ್ಲ. ಹುಡುಕಿ ಹುಡುಕಿ ಮೊದಲ ದಿನದ ಮೊದಲ ಕಾಗದಕ್ಕೆ ಬಂದು ನಿಂತರು.

"ಇಲ್ಲ," ಎಂದರು. ಆಮೇಲೆ ಯಾರೂ ಕೇಳದಿದ್ದರೂ, "ಒಂದೂ ಇಲ್ಲ," ಎಂದರು.

ಅಂದು ಮನೆಯಲ್ಲಿ ಅವರ ಹೆಂಡತಿ ಊಟದ ತಟ್ಟೆಯನ್ನು ಮುಂದಿಟ್ಟು, ಯಾಕೆ ಮಡಿಸಬೇಕೆಂದು ಒಂದು ದಿನವಾದರೂ ಕೇಳಬಾರದಿತ್ತೇ ಎಂದು ವಿಚಾರಿಸಿದರು. ಇಸ್ತ್ರಿಯಣ್ಣ ಕೊಟ್ಟ ಉತ್ತರ ಕೇಳಿ ಆಕೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು: "ಮಡಿಕೆ ಚೆನ್ನಾಗಿ ಬರ್ತಿತ್ತು."

ತೀರ್ಪಿನ ದಿನ ಅವರು ಹಿಂದಿನ ಬೆಂಚಿನಲ್ಲಿದ್ದರು. ಬರೆದಿಟ್ಟ ನಿಯಮವಿಲ್ಲವೆಂಬುದು ಸಮರ್ಥನೆಯಾಗದು, ಬರೆಯದೆಯೂ ತಪ್ಪದೆ ನಡೆದದ್ದೇ ನಿಯಮ ಎಂದರು ನ್ಯಾಯಾಧೀಶರು. ಟರ್ನರನನ್ನು ಮೊದಲ ಅರ್ಜಿಯ ದಿನದಿಂದಲೇ ಫೋರ್‌ಮನ್ ಎಂದು ಪರಿಗಣಿಸಬೇಕು. ಮಡಿಸಿದ ನಾನೂರ ಹನ್ನೆರಡು ಬಡ್ತಿ ಅರ್ಜಿಗಳನ್ನೂ ಮತ್ತೆ ತೆರೆಯಬೇಕು. ನಡುವೆ ಒಂದು ವಾಕ್ಯ, ಓದುವವರ ದನಿಯಲ್ಲಿ ಏರಿಳಿತವಿಲ್ಲದೆ, ಹೀಗೆ ಬಂತು: ಮೂರನೆಯ ಸಾಕ್ಷಿ ಈ ಕಾರ್ಯವನ್ನು ಯಾವ ದ್ವೇಷವೂ ಇಲ್ಲದೆ, ಒಂದು ತಪ್ಪೂ ಇಲ್ಲದೆ ನೆರವೇರಿಸಿದ್ದಾರೆ. ಬದುಕಿನುದ್ದಕ್ಕೂ ಅವರು ಕಾದಿದ್ದ ಪ್ರಶಂಸಾಪತ್ರ ಅದೇ ಇರಬೇಕು.

ಹೊರಗಿನ ಪಡಸಾಲೆಯಲ್ಲಿ ಟರ್ನರ್ ಎದುರಾದ. ನಿವೃತ್ತಿಗೆ ಐದು ತಿಂಗಳು ಉಳಿದಿದ್ದ ಹೊಸ ಫೋರ್‌ಮನ್. ಬೈಯುತ್ತಾನೆಂದು ಇಸ್ತ್ರಿಯಣ್ಣ ಕಾದರು. ಬೈದಿದ್ದರೆ ಅವರಿಗೆ ಉಪಕಾರವಾಗುತ್ತಿತ್ತು.

"ಏಳು ಸಲದಲ್ಲಿ ಒಂದು ಸಲ ಮರೆತುಬಿಟ್ಟಿದ್ರೆ ಏನಾಗ್ತಿತ್ತಣ್ಣಾ?"

"ಮರೆಯೋ ಅಭ್ಯಾಸ ಇರಲಿಲ್ಲ ಕಣೋ," ಎಂದರು ಇಸ್ತ್ರಿಯಣ್ಣ.

ಇಂಥವರನ್ನು ಕೆಟ್ಟವರೆನ್ನಲು ನಾಲಿಗೆ ಏಳುವುದಿಲ್ಲ, ಒಳ್ಳೆಯವರೆನ್ನಲು ಎದೆ ಒಪ್ಪುವುದಿಲ್ಲ. ಲೋಕದ ಪ್ರತಿಯೊಂದು ಕಚೇರಿಯಲ್ಲೂ ಒಬ್ಬರಿದ್ದಾರೆ; ಹೊತ್ತಿಗೆ ಸರಿಯಾಗಿ ಬರುತ್ತಾರೆ, ನೆರೆಯವರ ಕಷ್ಟಕ್ಕೂ ಆಗುತ್ತಾರೆ. ಕೆಟ್ಟವನಿಗಾದರೋ ಆಯಾಸವಿದೆ, ಜ್ವರ ಬರುತ್ತದೆ, ಅಪರೂಪಕ್ಕೆ ಕರುಣೆಯೂ ಉಕ್ಕಿಬಿಡುತ್ತದೆ. ಅವನ ಕೈಯಿಂದ ಒಬ್ಬಿಬ್ಬರು ತಪ್ಪಿಸಿಕೊಂಡು ಓಡುವುದುಂಟು. ಏಕೆಂದು ಕೇಳದೆ ಸೊಗಸಾಗಿ ಮಾಡುವವನ ಕೈಯಿಂದ ಯಾರೊಬ್ಬರೂ ತಪ್ಪಿಸಿಕೊಳ್ಳುವುದಿಲ್ಲ.