ಹೊಗೆ ಇಲ್ಲ

ಈ ಕತೆ ಹೇಳಲು ನಾನು ತಕ್ಕವನಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಹಗಲೆಲ್ಲ ಮಂಡಿಯಲ್ಲಿ ಮೂಟೆ ಹೊತ್ತು ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಕಲಿತವನು ನಾನು. ಬರೆದದ್ದನ್ನು ಮೂರು ಸಲ ಓದಿದರೂ ಎಲ್ಲೋ ತಪ್ಪಿದೆ ಎಂಬ ಅಳುಕು ಹೋಗುವುದಿಲ್ಲ. ಆದರೆ ಇಂದಿಗೂ ಯಾವುದಾದರೂ ಮನೆಯ ಹೆಂಚಿನ ಮೇಲೆ ಹೊಗೆಯ ಎಳೆಯೊಂದು ಎದ್ದರೆ ನನ್ನ ಬಲಗೈ ತಾನಾಗಿಯೇ ಜೇಬಿನಲ್ಲಿ ಪೆನ್ಸಿಲ್ ತಡಕುತ್ತದೆ. ಆ ಕೈಯ ಸಲುವಾಗಿಯಾದರೂ ಹೇಳಬೇಕು.

ನಮ್ಮ ಊರಿನಲ್ಲಿ ಆಗ ಹುಣ್ಣಿಮೆಯ ಉಪವಾಸ ಕಾನೂನಾಗಿತ್ತು. ಅದಕ್ಕೆ ಮೊದಲು ಅದು ಕೆಲವು ಮನೆಗಳ ನೇಮ. ಬೇಕಾದವರು ಮಾಡುತ್ತಿದ್ದರು, ಬೇಡದವರು ಉಣ್ಣುತ್ತಿದ್ದರು. ಹೊಸ ಆಡಳಿತ ಬಂದ ಮೇಲೆ ಅದು ಎಲ್ಲರದೂ ಆಯಿತು. ಯಾವ ದೇವರನ್ನು ನಂಬಿದವರಾಗಲಿ, ಯಾವುದನ್ನೂ ನಂಬದವರಾಗಲಿ, ಅಂದು ಸೂರ್ಯ ಹುಟ್ಟಿ ಮುಳುಗುವವರೆಗೆ ಒಲೆ ಹೊತ್ತಿಸಕೂಡದು. ಹೊಗೆ ಕಂಡ ಮನೆಗೆ ಬೀಗ. ಮನೆಯವರು ಹೊಳೆಯಾಚೆಗೆ ಗಡೀಪಾರು.

ಕೆಳಗೇರಿಯ ಹೊಗೆ ನೋಡುವ ಕೆಲಸ ನನಗೆ ಬಿತ್ತು. ಓದು ಬರಹ ಬಲ್ಲವನೆಂದು ಕಚೇರಿಯಲ್ಲಿ ಕೆಲಸ ಕೊಟ್ಟಿದ್ದರು; ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಹುಣ್ಣಿಮೆಯ ಬೆಳಗ್ಗೆ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತು, ಒಂದೊಂದು ಮನೆಯ ಹೆಂಚಿನ ಮಾಡನ್ನೂ ನೋಡಿ, ಪುಸ್ತಕದಲ್ಲಿ ಆ ಮನೆಯ ಹೆಸರಿನ ಮುಂದೆ ‘ಹೊಗೆ ಇಲ್ಲ’ ಎಂದು ಬರೆಯಬೇಕು. ಇದ್ದರೆ ‘ಹೊಗೆ’ ಎಂದಷ್ಟೇ.

ಮೊದಲ ಹುಣ್ಣಿಮೆಯಂದೇ ಬೂರುಗದ ಮರದ ಪಕ್ಕದ ಮನೆಯಿಂದ ಹೊಗೆ ಎದ್ದಿತು. ಅದು ದೊಡ್ಡಯ್ಯ ಮೇಷ್ಟ್ರ ಮನೆ. ಸಂಜೆ ತರಗತಿಯಲ್ಲಿ ನನ್ನ ಮೂಟೆ ಹೊತ್ತ ಬೆರಳುಗಳ ನಡುವೆ ಬಳಪ ಇಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು ತಿದ್ದಿಸಿದವರು ಅವರು. ಬೂದುಬಣ್ಣದ ಹೊಗೆ ತೆಳ್ಳಗೆ ಎದ್ದು ಮರದ ಕೊಂಬೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನಾನು ‘ಹೊಗೆ ಇಲ್ಲ’ ಎಂದು ಬರೆದೆ. ಮುಂದಿನ ಹುಣ್ಣಿಮೆಗೂ ಹಾಗೆಯೇ ಬರೆದೆ. ಹೀಗೆ ಏಳು ತಿಂಗಳು. ನೆರೆಹೊರೆಯವರೂ ಬಾಯಿ ಬಿಡಲಿಲ್ಲ. ಅವರಲ್ಲಿ ಹಲವರು ಮೇಷ್ಟ್ರ ಬಳಿಯೇ ಕಲಿತವರು. ಒಬ್ಬ ಹಿರಿಯರನ್ನು ಕಾಪಾಡುತ್ತಿದ್ದೇನೆಂದು ಮನಸ್ಸಿನಲ್ಲಿ ಸಣ್ಣದೊಂದು ಹೆಮ್ಮೆಯೂ ಇತ್ತು. ಅದನ್ನು ಬಚ್ಚಿಡುವುದು ಸರಿಯಲ್ಲ.

ಏಳನೆಯ ಹುಣ್ಣಿಮೆಯಂದು ಟ್ಯಾಂಕಿನಿಂದ ಇಳಿದಾಗ ಮೇಲ್ವಿಚಾರಕ ರುದ್ರಯ್ಯ ಕೆಳಗೆ ಕಾದಿದ್ದ.

“ಮೇಲುಗೇರಿಯಲ್ಲಿ ತಿಂಗಳಿಗೆರಡು ಮನೆಗೆ ಬೀಗ ಬೀಳುತ್ತೆ. ನಿನ್ನ ಕೆಳಗೇರಿಯಲ್ಲಿ ಎಲ್ಲರೂ ಋಷಿಗಳೇ ಏನಯ್ಯಾ?” ಎಂದ.

“ಬಡವರು ಸ್ವಾಮಿ. ಸೌದೆ ಉಳೀತು ಅಂದ್ಕೋತಾರೆ.”

“ಮಾತು ಕಲಿತುಬಿಟ್ಟಿದ್ದೀಯ. ಮುಂದಿನ ಹುಣ್ಣಿಮೆಗೆ ನಾನೇ ಹತ್ತಿ ಬರ್ತೀನಿ. ಮೊಣಕಾಲು ಬಿದ್ದುಹೋದರೂ ಸರಿ.”

ನಾನು ನೆಟ್ಟಗೆ ಮೇಷ್ಟ್ರ ಮನೆಗೆ ನಡೆದೆ. ಒಳಗೆ ಒಲೆ ಉರಿಯುತ್ತಲೇ ಇತ್ತು. ಮೇಷ್ಟ್ರ ಅಕ್ಕ ಚೆಲುವಮ್ಮ ಅದರ ಮುಂದೆ ಕೂತು ಕಾಫಿ ಸೋಸುತ್ತಿದ್ದರು. ಮೇಷ್ಟ್ರು ಗೋಡೆಗೊರಗಿದ್ದರು, ತುಟಿ ಒಣಗಿತ್ತು.

“ಬಾ ಮಗಾ, ಸರಿಯಾದ ಹೊತ್ತಿಗೆ ಬಂದೆ,” ಎಂದು ಚೆಲುವಮ್ಮ ಲೋಟ ಮುಂದಿಟ್ಟರು. “ಈ ಮನೇಲಿ ಹುಣ್ಣಿಮೆ ದಿನ ನನಗೊಬ್ಬಳಿಗೇ ಕಾಫಿ. ಜೊತೆಗೆ ಯಾರೂ ಇಲ್ಲದೆ ರುಚಿಯೇ ಹತ್ತಲ್ಲ.”

“ಮೇಷ್ಟ್ರು ಕುಡಿಯೋಲ್ವೇ?”

“ಇವನೇ? ಇವನು ಹುಣ್ಣಿಮೆ ದಿನ ನೀರು ಸಹ ಮುಟ್ಟದೆ ನಲವತ್ತು ವರ್ಷ ಆಯ್ತು. ನನಗೆ ಅದೆಲ್ಲ ಆಗಿಬರೋಲ್ಲ, ನಾನು ಉಣ್ತೀನಿ. ನನ್ನ ಹೊಟ್ಟೆಯ ಸುದ್ದಿಗೆ ಅವನು ಬಂದೋನಲ್ಲ.”

ಲೋಟ ನನ್ನ ಕೈಯಲ್ಲೇ ಉಳಿಯಿತು. “ಹಾಗಾದರೆ ಬೆಳಗ್ಗೆಯೇ ಒಲೆ ಹೊತ್ತಿಸೋದು...?”

“ನಾನೇ,” ಎಂದರು ಮೇಷ್ಟ್ರು. “ಅಕ್ಕ ಏಳೋಕೆ ಮುಂಚೆ. ಮೇಲೆ ಏನೂ ಇಡಲ್ಲ, ಸುಮ್ಮನೆ ಉರಿಸ್ತೀನಿ. ನಲವತ್ತು ವರ್ಷ ನನ್ನ ದೇವರಿಗೂ ನನಗೂ ನಡುವೆ ಇದ್ದ ಉಪವಾಸ ಕಣಪ್ಪ ಇದು. ಈಗ ಅದೇ ಉಪವಾಸ ಪೊಲೀಸಿನವನ ಭಯಕ್ಕೆ ಮಾಡಿದ ಹಾಗೆ ಕಾಣಬಾರದು. ಉಣ್ಣೋಕೆ ಬಿಟ್ಟಿದ್ದರೆ ತಾನೇ ಉಣ್ಣದೆ ಇದ್ದದ್ದಕ್ಕೆ ಒಂದು ಅರ್ಥ?” ಆಮೇಲೆ ಹೇಳಿದರು: “ಒಂದು ಸಂಶಯ ಇತ್ತು. ಏಳು ತಿಂಗಳಾಯ್ತು, ಯಾರೂ ಬಂದು ಕೇಳಲಿಲ್ಲ. ಅವರಿಗೇ ನಾಚಿಕೆಯಾಯ್ತೇನೋ ಅಂದುಕೊಂಡಿದ್ದೆ.”

ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. “ನಾನು ‘ಹೊಗೆ ಇಲ್ಲ’ ಅಂತ ಬರೀತಾ ಬಂದೆ ಮೇಷ್ಟ್ರೇ.”

ಅವರು ಬಯ್ಯಲಿಲ್ಲ. ಬಹಳ ದೂರ ನಡೆದು ಬಂದವರಿಗೆ ದಾರಿ ತಪ್ಪಿದ್ದೀರಿ ಎಂದಾಗ ಮುಖ ಹೇಗಾಗುತ್ತದೋ ಹಾಗಾಯಿತು.

“ಅಂದರೆ ಏಳು ತಿಂಗಳು ನಾನು ಸರ್ಕಾರದ ಉಪವಾಸ ಮಾಡಿದೆ,” ಎಂದರು. “ನಿನ್ನ ಪುಸ್ತಕದಲ್ಲಿ ನಾನೂ ಹೆದರಿದವರ ಸಾಲಿನಲ್ಲಿದ್ದೀನಿ.”

“ಗಡೀಪಾರು ಮಾಡ್ತಾರೆ ಮೇಷ್ಟ್ರೇ. ಮುಂದಿನ ಸಲ ರುದ್ರಯ್ಯನೇ ಬರ್ತಾನೆ. ಆ ಒಂದು ದಿನ ಹೊತ್ತಿಸಬೇಡಿ.”

“ಕಂಡದ್ದನ್ನು ಬರಿ. ನಾನು ನಿನಗೆ ಕಲಿಸಿದ್ದು ಅಷ್ಟೇ.”

“ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದರು ಚೆಲುವಮ್ಮ.

ಮೇಷ್ಟ್ರು ಅಕ್ಕನ ಕಡೆ ತಿರುಗಿದರು. “ಕೇಳ್ತಾ ಇದ್ದೀನಕ್ಕ. ಬೇಡ ಅಂದರೆ ಹೊತ್ತಿಸಲ್ಲ.”

ಆಕೆ ಒಲೆಯ ಕೊಳ್ಳಿಯನ್ನು ಸುಮ್ಮನೆ ಮುಂದೆ ತಳ್ಳಿದರು. “ಹೊಳೆಯಾಚೆ ಕಾಫಿಪುಡಿ ಸಿಗುತ್ತೋ ಇಲ್ವೋ ವಿಚಾರಿಸಿಕೊಂಡು ಬಾ ಮಗಾ,” ಎಂದರು.

ಎಂಟನೆಯ ಹುಣ್ಣಿಮೆಗೆ ರುದ್ರಯ್ಯ ಮೆಟ್ಟಿಲು ಮೆಟ್ಟಿಲಿಗೂ ನಿಂತು, ಟ್ಯಾಂಕು ಕಟ್ಟಿದವನಿಗೆ ಶಾಪ ಹಾಕುತ್ತ ಹತ್ತಿ ಬಂದ. ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.

“ಕಣ್ಣಿಗೆ ಪೊರೆ ಬಂದಿದೆ ಕಣಯ್ಯಾ. ಯಾರಿಗೂ ಹೇಳಬೇಡ, ಮನೆಗೆ ಕಳಿಸಿಬಿಡ್ತಾರೆ. ಬೂರುಗದ ಮರದ ಹತ್ತಿರ ಅದೇನು? ಹೊಗೆಯೋ, ಮೋಡವೋ? ನೀನು ಹೇಳಿದ್ದೇ ಸರಿ.”

ಅವನು ನಿಜ ಹೇಳುತ್ತಿದ್ದಾನೋ, ನನ್ನನ್ನು ಒರೆಗೆ ಹಚ್ಚುತ್ತಿದ್ದಾನೋ ತಿಳಿಯಲಿಲ್ಲ. ಮೋಡ ಎನ್ನಲು ಬಾಯಿ ತೆರೆದೆ. “ಹೊಗೆ,” ಎಂದೆ. ಹಾಗೆಯೇ ಬರೆದೆ.

ಮೂರನೆಯ ದಿನ ಬೀಗ ಬಿತ್ತು. ನಾನು ಹೊಳೆಯ ದಡಕ್ಕೆ ಹೋಗಿದ್ದೆ. ಚೆಲುವಮ್ಮ ಕಾಫಿಪುಡಿಯ ಡಬ್ಬ ಕಂಕುಳಲ್ಲಿಟ್ಟುಕೊಂಡು ದೋಣಿಯಲ್ಲಿ ಆಗಲೇ ಕೂತಿದ್ದರು; ನನ್ನ ಕಡೆ ನೋಡಲಿಲ್ಲ. ಮೇಷ್ಟ್ರು ಹತ್ತಿರ ಬಂದರು.

“ಬರೆದೆಯಾ?”

“ಬರೆದೆ ಮೇಷ್ಟ್ರೇ.”

“ಸರಿ ಹಾಗಾದರೆ,” ಎಂದು ನನ್ನ ಬಲಗೈಯನ್ನು ಒಂದು ಗಳಿಗೆ ಹಿಡಿದುಕೊಂಡರು, ಹಿಂದೆ ಬಳಪ ತಿದ್ದಿಸುವಾಗ ಹಿಡಿದ ಹಾಗೆ.

ಅವರ ಮಾತಿಗೆ ಬೆಲೆ ಕೊಟ್ಟು ಬರೆದೆನೋ, ರುದ್ರಯ್ಯ ಪಕ್ಕದಲ್ಲಿದ್ದನೆಂದು ಬರೆದೆನೋ? ಇಷ್ಟು ವರ್ಷ ಕೇಳಿಕೊಂಡೂ ಉತ್ತರ ಸಿಕ್ಕಿಲ್ಲ. ಕೇಳಿ ಕೇಳಿ ದಣಿದಿದ್ದೇನೆ. ಒಂದೊಂದು ದಿನ ಒಂದೊಂದು ನಿಜವೆನಿಸುತ್ತದೆ.

ಮುಂದಿನ ಹುಣ್ಣಿಮೆಗೂ ನಾನು ಟ್ಯಾಂಕು ಹತ್ತಿದೆ. ಕೆಳಗೇರಿಯ ಮಾಡುಗಳೆಲ್ಲ ತಣ್ಣಗಿದ್ದವು; ಬೂರುಗದ ಮರ ಬರಿದಾಗಿ ನಿಂತಿತ್ತು. ಪುಸ್ತಕ ಮುಚ್ಚಿ ತಲೆಯೆತ್ತಿದಾಗ, ಹೊಳೆಯಾಚೆ, ಜೊಂಡಿನ ಬಯಲಿನ ಮೇಲೆ ಹೊಗೆಯ ಎಳೆಯೊಂದು ನಿಧಾನವಾಗಿ ಏಳುತ್ತಿತ್ತು. ಆ ದಡದಲ್ಲಿ ಯಾವ ಕಟ್ಟಳೆಯೂ ಇರಲಿಲ್ಲ. ಮೇಷ್ಟ್ರು ಬರಿದೇ ಒಲೆ ಉರಿಸುವ ಅಗತ್ಯವೂ ಇರಲಿಲ್ಲ. ಚೆಲುವಮ್ಮನ ಕಾಫಿ ಇರಬಹುದು ಅಂದುಕೊಂಡೆ. ಪೆನ್ಸಿಲ್ಲನ್ನು ಜೇಬಿಗೆ ಹಾಕಿ, ಆ ಹೊಗೆ ಗಾಳಿಗೆ ಬಾಗಿ ಬಿಸಿಲಿನಲ್ಲಿ ಕರಗುವವರೆಗೆ ನೋಡುತ್ತ ನಿಂತೆ. ಅದು ಅವರ ಮನೆಯದೇ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ.